ದೆವ್ವಕ್ಕನ ಎರಡು ಧ್ವನಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ದೆವ್ವಕ್ಕ ಎನ್ನುತ್ತಿದ್ದರು. ಕೊರಿಯನ್ ಹಾರರ್ ಸಿನಿಮಾ ಬಂತೆಂದರೆ ಅದರೊಳಗಿನ ದೆವ್ವ ಅವಳ ಪಾಲಿಗೆ. ಅವಳಿಗೂ ಆ ಸಿನಿಮಾಗಳೆಂದರೆ ಪ್ರಾಣ. ಬೇರೆ ದೆವ್ವಗಳು ರಕ್ತ ಕುಡಿಯಲು ಬರುತ್ತವೆ. ಕೊರಿಯದವು, ಪಾಪ, ಮನೆಗೆ ಬರುತ್ತವೆ. ಅಡುಗೆಮನೆಯಲ್ಲಿ ನಿಲ್ಲುತ್ತವೆ, ಮಲಗಿದ ಮಗಳ ತಲೆ ಸವರುತ್ತವೆ, ಹೇಳದೆ ಉಳಿದ ಮಾತೊಂದನ್ನು ಹೇಳಲಾಗದೆ ಒದ್ದಾಡುತ್ತವೆ. "ಅಯ್ಯೋ, ಒಳಗೆ ಕರೀರೋ ಅವಳನ್ನ" ಎಂದು ದೆವ್ವಕ್ಕ ಪರದೆಗೆ ಬೈಯುವಳು. ಅವಳ ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು, ಕನಸಿನಲ್ಲೂ ಒಮ್ಮೆ ಬಂದವಳಲ್ಲ. ಧ್ವನಿ ಮಾರಿಯೇ ಹೊಟ್ಟೆ ಹೊರೆಯುವ ಮಗಳ ಬಳಿ ತಾಯಿಯ ಧ್ವನಿಯ ಒಂದು ತುಣುಕೂ ಇರಲಿಲ್ಲ.

ಈ ಸಲ ನಾಯಕಿಗೆ, ಅಂದರೆ ದೆವ್ವದ ಮಗಳಿಗೆ, ಧ್ವನಿ ಕೊಡಬೇಕಿದ್ದವಳ ಗಂಟಲು ಕಟ್ಟಿತು. ತಾಯಿ ದೆವ್ವದ ಮಾತನ್ನು ದೆವ್ವಕ್ಕ ಹಿಂದಿನ ದಿನವೇ ಮುಗಿಸಿದ್ದಳು. "ಮಗಳ ಪಾತ್ರಾನೂ ನೀನೇ ಮುಗಿಸಿಬಿಡಮ್ಮ" ಎಂದ ರೆಕಾರ್ಡಿಂಗ್ ಮಾಡುವವನು. ಒಬ್ಬೊಬ್ಬರನ್ನೇ ಕೂರಿಸಿ, ಎದುರಿನವರ ಮಾತನ್ನು ಕಿವಿಗೆ ಹಾಕಿ ರೆಕಾರ್ಡ್ ಮಾಡುವುದು ಅಲ್ಲಿನ ಪದ್ಧತಿ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಪರದೆಯ ಮೇಲೆ ಒದ್ದೆ ಕೂದಲಿನ ತಾಯಿ ಬಾಗಿಲಾಚೆ ನಿಂತಿದ್ದಳು.

"ಬಾಗ್ಲು ತೆಗಿ ಚಿನ್ನ. ಎಷ್ಟೊತ್ತು ನಿಲ್ಲಿಸ್ತೀಯ?"

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕೊನೆಯಲ್ಲಿ ಸ್ವಲ್ಪ ಎಳೆದು, ಮೂಗಿನಲ್ಲೇ ಕೋಪ ತೋರಿಸುವ ಆ ಧಾಟಿ ಅಮ್ಮನದೇ. ನಿನ್ನೆ ಅದು ತನ್ನ ಬಾಯಲ್ಲೇ ಬಂದದ್ದು ತನಗೇ ಗೊತ್ತಾಗಿರಲಿಲ್ಲ.

ಈಗ ಅವಳು "ಹೋಗು!" ಎಂದು ಕಿರುಚಬೇಕಿತ್ತು. ಬಾಯಿಂದ ಬಂದದ್ದು "ಅಮ್ಮಾ".

"ಲೇ, ಹೆದರ್ಕೊಳ್ಳೇ! ನೆಂಟರನ್ನ ಕರೆದ ಹಾಗೆ ಕರೀತೀಯಲ್ಲ!" ಎಂದು ರೆಕಾರ್ಡಿಂಗ್ ಮಾಡುವವನು ರೇಗಿದ.

"ಇನ್ನೊಂದ್ಸಲ ಹಾಕಣ್ಣ. ಸರಿಯಾಗಿ ಕೇಳಿಸ್ಲಿಲ್ಲ."

ಹಸಿ ಸುಳ್ಳು. ಹೀಗೇ ಹನ್ನೊಂದು ಸಲ ಹಾಕಿಸಿದಳು. ಅವನು ತಲೆ ಚಚ್ಚಿಕೊಂಡ. "ಆಗಲ್ಲ ಅಂದ್ರೆ ಹೇಳು, ತಾಯಿ ಮಾತೂ ಸೇರಿ ಇಡೀ ಸೀನ್ ಅಳಿಸಿ ಬೇರೆಯವರ ಹತ್ರ ಮಾಡಿಸ್ತೀನಿ."

ಅಳಿಸಿದರೆ ಅಮ್ಮ ಎರಡನೆಯ ಸಲ ಸತ್ತಂತೆಯೇ. ದೆವ್ವಕ್ಕ ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕಿರುಚಿದಳು.

ತಾಯಿಯ ಮಾತಿನ ಆ ತುಣುಕನ್ನಾದರೂ ಕೊಡು ಎಂದು ಅಂಗಲಾಚಿದಳು. ಹೊರಗೆ ಕೊಡುವ ಹಾಗಿಲ್ಲ ಎಂದ ಅವನು. "ನಿಂದೇ ಗಂಟ್ಲಲ್ವಾ, ಮನೇಲಿ ಹೇಳ್ಕೋ." ಹೇಳಿಕೊಂಡಳು, ಕನ್ನಡಿಯ ಮುಂದೆ, ಬಚ್ಚಲಿನಲ್ಲಿ, ಮಂಚದ ಮೇಲೆ. ಬರೀ ತನ್ನ ಧ್ವನಿ. ಬೇಕೆಂದು ಕರೆದ ಕೂಡಲೇ ಅಮ್ಮ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದಳು.

ಸಿನಿಮಾ ಬಿಡುಗಡೆಯಾದ ದಿನ ಮೊದಲ ಆಟಕ್ಕೇ ಹೋದಳು. ಬಾಗಿಲಾಚೆಯಿಂದ ಆ ಮಾತು ಬಂದಾಗ ಜನ ಕಿಟಾರನೆ ಕಿರುಚಿ ಮುಖ ಮುಚ್ಚಿಕೊಂಡರು. ಅವಳೊಬ್ಬಳು ಸೀಟಿನ ತುದಿಗೆ ಜರುಗಿ ಕತ್ತು ಚಾಚಿದಳು. ಮರುಕ್ಷಣವೇ ತನ್ನದೇ ಧ್ವನಿ ಹೋಗು ಎಂದು ಅರಚಿತು, ಬಾಗಿಲಿನ ಚಿಲಕ ಬಿತ್ತು. ಅವಳಿಗೆ ಅಳು ಬಂತು. ಪಕ್ಕದವರು ಪಾಪ, ತುಂಬಾ ಹೆದರಿದ್ದಾಳೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಎರಡನೆಯ ಆಟಕ್ಕೂ ಟಿಕೆಟ್ ತೆಗೆದುಕೊಂಡಳು. ಈ ಸಲ ಹೊರಹೋಗುವ ದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆದಳು. ಅಮ್ಮನ ಮಾತನ್ನು ಪೂರ್ತಿ ಕೇಳಿದಳು. ಪರದೆಯ ಮೇಲೆ ಮಗಳು ಬಾಯಿ ತೆರೆಯುವ ಮೊದಲೇ ಎದ್ದು, ಎರಡೂ ಕಿವಿ ಮುಚ್ಚಿಕೊಂಡು ಹೊರಗೋಡಿದಳು.