ಟೆಗನ್‌ಗೆ ಎರಡು ಕಂಪ್ಯೂಟರ್, ರೊಶೆಲ್‌ಗೆ ಒಂದೇ ಹೊಟ್ಟೆಕಿಚ್ಚು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಅಂಗಡಿಯಿಂದ ಶುರು ಮಾಡಿದರೆ ಇದು ಬರೀ ಕಂಪ್ಯೂಟರಿನ ಕಥೆಯಾಗುತ್ತದೆ. ವಿಚ್ಛೇದನದಿಂದ ಶುರು ಮಾಡಿದರೆ ನೀವು ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತೀರಿ. ಗೊತ್ತಾಗದೆ ರೊಶೆಲ್‌ಳನ್ನೇ ಕೇಳಿದೆ. ನಾವಿಬ್ಬರೂ ಮಕಾಯ್ ಎಂಬ ಕಬ್ಬು ಬೆಳೆಯುವ ಊರಿನ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತೇವೆ. ಅವಳು ಪೈಗಳಿಗೆ ಮಾಂಸದ ಹೂರಣ ತುಂಬುತ್ತಾಳೆ, ನಾನು ಮೇಲೆ ಹಿಟ್ಟಿನ ಮುಚ್ಚಳ ಹಾಕಿ ಅಂಚು ಒತ್ತುತ್ತೇನೆ.

"ಎಲ್ಲಿಂದ್ಲಾದ್ರೂ ಶುರು ಮಾಡ್ಕೋ. ಆದ್ರೆ ಅವಳು ಮೊದಲ್ನೇ ಪುಟದಲ್ಲಿ ಬರಕೂಡ್ದು," ಅಂದಳು.

(ಬಂದಾಯಿತು. 'ಅವಳು' ಎಂದರೆ ಶಿವಾನ್.)

೨

ಶಿವಾನ್ ಎಂದು ಕನ್ನಡದಲ್ಲಿ ಬರೆದ ಕೂಡಲೇ ನಿಮ್ಮ ಕಣ್ಣ ಮುಂದೆ ಜಟೆ ಬಿಟ್ಟ ದೇವರು ಬಂದು ನಿಂತರೆ ಅದು ನನ್ನ ತಪ್ಪಲ್ಲ. ಅದು ಐರಿಶ್ ಕಡೆಯ ಹೆಣ್ಣು ಹೆಸರು. ಈ ಶಿವಾನ್ ವಿಮೆ ಕಚೇರಿಯಲ್ಲಿ ಕೂರುತ್ತಾಳೆ, ಬಿಡುವಾದಾಗ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾಳೆ, ರೊಶೆಲ್‌ಳ ಮಾಜಿ ಗಂಡ ಬ್ರೆಟ್‌ನ ಮನೆಯಲ್ಲಿ ಇರುತ್ತಾಳೆ. ರೊಶೆಲ್ ಮತ್ತು ಬ್ರೆಟ್‌ಗೆ ಒಬ್ಬಳೇ ಮಗಳು, ಟೆಗನ್. ಒಂದು ವಾರ ಅಮ್ಮನ ಮನೆ, ಮುಂದಿನ ವಾರ ಅಪ್ಪನ ಮನೆ.

ಗಂಡನ ವಿಷಯಕ್ಕೆ ರೊಶೆಲ್‌ಗೆ ಹೊಟ್ಟೆಕಿಚ್ಚು ಇದೆ ಎಂದು ನೀವು ಅಂದುಕೊಂಡರೆ ಅವಳಿಗೆ ಅವಮಾನವಾಗುತ್ತದೆ.

"ಬ್ರೆಟ್‌ನಾ? ಅವನನ್ನ ಬುಟ್ಟೀಲಿಟ್ಟು ರಿಬ್ಬನ್ ಕಟ್ಟಿ ನಾನೇ ಕೊಡ್ತಿದ್ದೆ ಮಾರಾಯ್ತಿ. ಗಂಡನ್ನ ತಗೊಂಡಳು, ಸರಿ. ಮಗಳ್ನೂ ತಗೊಂಡ್ರೆ?"

೩

ಟೆಗನ್‌ಗೆ ಹದಿನಾರು ತುಂಬುವುದಿತ್ತು. ಹುಟ್ಟುಹಬ್ಬಕ್ಕೆ ಗೇಮ್ ಆಡುವ ಕಂಪ್ಯೂಟರ್ ಬೇಕೆಂದಳು. ರೊಶೆಲ್ ಖುಷಿಯಿಂದಲೇ ಒಪ್ಪಿದಳು. ಜಗಳ ಹುಟ್ಟಿದ್ದು ಆಮೇಲೆ, ಅಡುಗೆಮನೆಯಲ್ಲಿ.

"ಅಂಗಡೀದು ಬೇಡ ಅಮ್ಮಾ. ಬಿಡಿ ಭಾಗ ತಂದು ನಾನೇ ಜೋಡಿಸ್ತೀನಿ."

"ಯಾಕೆ? ಅಂಗಡೀಲಿ ರೆಡಿ ಸಿಗತ್ತೆ. ತಂದು ಪ್ಲಗ್ ಚುಚ್ಚಿದ್ರೆ ಮುಗೀತು."

"ಅದೇ ಬೇಜಾರು, ಮುಗಿದೇ ಹೋಗತ್ತೆ! ಹೊರಗೆ ಬಣ್ಣಬಣ್ಣದ ಲೈಟ್ ಹಾಕಿ, ಒಳಗೆ ಕಣ್ಣಿಗೆ ಕಾಣದ ಕಡೆ ಅಗ್ಗದ್ದು ತುರುಕಿರ್ತಾರೆ. ನಾವೇ ಜೋಡಿಸಿದ್ರೆ ಏನೇನು ಹಾಕಿದೀವಿ ಅಂತ ಗೊತ್ತಿರತ್ತೆ. ಒಂದು ಕೆಟ್ರೆ ಅದೊಂದನ್ನ ಬದಲಾಯಿಸ್ಬೋದು."

"ಈಗ ತಾನೆ 'ನಾನೇ' ಅಂದೆ. ಅಷ್ಟ್ರಲ್ಲಿ 'ನಾವೇ' ಆಯ್ತಾ? ನಾವು ಅಂದ್ರೆ ಯಾರು?"

ಟೆಗನ್ ಟೋಸ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಶಿವಾನ್ ಹೇಳಿಕೊಡ್ತೀನಿ ಅಂದ್ರು."

ಓದುಗರೇ, ಈ ವಿಷಯದಲ್ಲಿ ನಾನು ಎರಡೂ ಕಡೆ ವಾದ ಮಾಡಬಲ್ಲೆ. ರೆಡಿ ತಂದರೆ ಒಂದೇ ಬಿಲ್ಲು, ಒಂದೇ ಗ್ಯಾರಂಟಿ, ಬೈಯಲು ಒಂದೇ ಅಂಗಡಿ. ಜೋಡಿಸಿದರೆ ಖುಷಿ, ಹೆಮ್ಮೆ, ಬೈಯಲು ನಾವು ಮಾತ್ರ. ಆದರೆ ಆ ಅಡುಗೆಮನೆಯಲ್ಲಿ ಕಂಪ್ಯೂಟರಿನ ಬಗ್ಗೆ ಮಾತಾಡುತ್ತಿದ್ದವಳು ಟೆಗನ್ ಒಬ್ಬಳೇ.

೪

ಮುಂದಿನ ವಾರ ಟೆಗನ್ ಅಪ್ಪನ ಮನೆಯಲ್ಲಿದ್ದಾಗ ಅವಳ ನೆಟ್‌ಬಾಲ್ ಆಟದ ಸ್ಕರ್ಟು ಅಮ್ಮನ ಮನೆಯಲ್ಲೇ ಉಳಿದಿತ್ತು. ಕೊಟ್ಟು ಬರೋಣವೆಂದು ರೊಶೆಲ್ ಹೋದಳು. ಹಿಂಬದಿಯ ಗಾಜಿನ ಬಾಗಿಲಿನಿಂದ ಒಳಗೆ ಕಂಡಿತು: ಊಟದ ಮೇಜಿನ ಮೇಲೆ ರಟ್ಟಿನ ಡಬ್ಬಿಗಳು, ವೈರುಗಳು, ಹಸಿರು ಹಲಗೆಯೊಂದು. ಅದರ ಮೇಲೆ ಬಾಗಿದ ಎರಡು ತಲೆ.

"ಹ್ಹಿಹ್ಹಿ ಅಂತ ನಗ್ತಿದ್ರಾ?" ಎಂದು ನಾನು ಕೇಳಿದೆ. ದೃಶ್ಯಕ್ಕೆ ಸದ್ದು ಬೇಕಿತ್ತು.

ರೊಶೆಲ್ ಹೂರಣದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನಗ್ತಿದ್ರೆ ತಡ್ಕೋತಿದ್ದೆ ಕಣೇ. ಮಾತೇ ಇರ್ಲಿಲ್ಲ. ನನ್ನ ಮಗಳು ತಲೆ ಎತ್ತದೆ ಕೈ ಚಾಚ್ತಾಳೆ, ಅವಳು ಸ್ಕ್ರೂಡ್ರೈವರ್ ಇಡ್ತಾಳೆ. ಕೇಳ್ದೇನೇ. ನನ್ನ ಹತ್ರ ಉಪ್ಪು ಬೇಕಾದ್ರೂ ಮೂರು ಸಲ ಕಿರುಚ್ತಾಳೆ."

ಅವಳು ಬಾಗಿಲು ಬಡಿಯಲಿಲ್ಲ. ಸ್ಕರ್ಟನ್ನು ಕಾಲೊರೆಸಿನ ಮೇಲಿಟ್ಟು ಕಾರು ಹತ್ತಿದಳು. ನೇರ ಅಂಗಡಿಗೆ ಹೋಗಿ, ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಹೆಚ್ಚು ಮಿನುಗುವ ಪೆಟ್ಟಿಗೆಯತ್ತ ಬೆರಳು ತೋರಿಸಿ "ಅದು" ಅಂದಳು. ಒಳಗೆ ಏನಿದೆ ಎಂದು ಕೇಳಲಿಲ್ಲ. ಮಾರುವ ಹುಡುಗಿ ತಾನಾಗಿ ಹೇಳಲು ಹೊರಟಾಗ, "ಬೇಡಮ್ಮ, ಹೇಳಿದ್ರೆ ನಂಗೆ ಅರ್ಥ ಆಗಲ್ಲ, ಆಮೇಲೆ ಅಳು ಬರತ್ತೆ" ಅಂದಳಂತೆ.

೫ (ಇದನ್ನು ಹೊಡೆದು ಹಾಕಿದ್ದೇನೆ. ಆದರೂ ಓದಿ.)

*ಜೋಡಿಸಿ ಮುಗಿಸಿದ ಕಂಪ್ಯೂಟರಿಗೆ ಶಿವಾನ್ ಹೆಮ್ಮೆಯಿಂದ ಸ್ವಿಚ್ ಹಾಕಿದಳು. ಢಂ! ಹೊಗೆ ತೆರವಾದಾಗ ಅವಳಿಗೆ ಹುಬ್ಬುಗಳಿರಲಿಲ್ಲ. ಟೆಗನ್ ಅಳುತ್ತಾ ಅಮ್ಮನಿಗೆ ಫೋನ್ ಮಾಡಿ, "ನೀನು ಹೇಳಿದ್ದೇ ಸರಿ" ಎಂದಳು.*

ಇದು ರೊಶೆಲ್ ಹೇಳಿ ಬರೆಸಿದ್ದು. ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ನಕ್ಕು ನಕ್ಕು ಮೈದಾ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. "ಹುಬ್ಬು ವಾಪಸ್ ಬೆಳೆಯೋಕೆ ತುಂಬಾ ಟೈಮ್ ಆಯ್ತು ಅಂತ ಸೇರ್ಸು."

"ನಿಜವಾಗಿ ಏನಾಯ್ತು?"

ನಗು ಇಳಿಯಿತು. "ಮೊದಲ್ನೇ ಸಲ ಆನ್ ಆಗ್ಲಿಲ್ವಂತೆ. ಅವಳಿಗೂ ಯಾಕೆ ಅಂತ ತಿಳೀಲಿಲ್ವಂತೆ. ಟೆಗನ್‌ಗೇ ಕಂಡಿದ್ದು, ಯಾವ್ದೋ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ. ಒತ್ತಿದ್ಲು, ಟಕ್ ಅಂತು, ಆನ್ ಆಯ್ತು." ಚೀಲದ ಮೇಲಿಂದ ಎದ್ದು ಹಿಟ್ಟು ಕೊಡವಿಕೊಳ್ಳುತ್ತಾ, "ಅದನ್ನ ನನಗೆ ಹೇಳುವಾಗ ಟೆಗನ್ ಮುಖ ನೋಡ್ಬೇಕಿತ್ತು ನೀನು," ಅಂದಳು.

೬

ಹುಟ್ಟುಹಬ್ಬದ ದಿನ ರೊಶೆಲ್ ತನ್ನ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದಳು. ಕೆಂಪು, ನೀಲಿ, ನೇರಳೆ ದೀಪಗಳು ಗೋಡೆಯ ತುಂಬ ಓಡಾಡಿದವು.

"ಥ್ಯಾಂಕ್ಯೂ ಅಮ್ಮಾ. ತುಂಬಾ ಚೆನ್ನಾಗಿದೆ."

ಅಷ್ಟೇ. ದೂರದ ಅತ್ತೆ ಸ್ವೆಟರ್ ತಂದುಕೊಟ್ಟರೆ ಹೇಳುವ ದನಿ. ಇದನ್ನು ಬರೆಯಬೇಡ ಎಂದು ರೊಶೆಲ್ ಹೇಳಿಲ್ಲ. ಹೇಳಿದ್ದರೆ ನನಗೂ ಸುಲಭವಾಗುತ್ತಿತ್ತು.

ಈಗ ಎರಡು ಮನೆಗೆ ಎರಡು ಕಂಪ್ಯೂಟರ್. ಸಮ ಆಯಿತಲ್ಲ ಎಂದು ನಾನಂದೆ. ಆಗಲಿಲ್ಲ. ಅಪ್ಪನ ಮನೆಯ ವಾರ ಭಾನುವಾರಕ್ಕೆ ಮುಗಿಯುವುದು ಸೋಮವಾರಕ್ಕೆ ಜಾರಿತು, ಆಮೇಲೆ ಬುಧವಾರಕ್ಕೆ. ಕಟಾವಿಗೆ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಹಚ್ಚುವ ಕಾಲ ಬರುವ ಹೊತ್ತಿಗೆ ಅಮ್ಮನ ಮನೆಯ ಕಂಪ್ಯೂಟರ್ ಆಟದ ಮಧ್ಯೆ ತಟ್ಟನೆ ಆರಿಹೋಗತೊಡಗಿತು. ಕೊನೆಗೊಂದು ದಿನ ಏಳಲೇ ಇಲ್ಲ.

"ಪವರ್ ಸಪ್ಲೈ, ಒಳಗೆ ಕರೆಂಟ್ ಕೊಡೋ ಡಬ್ಬಿ, ಅದು ಹೋಗಿರ್ಬೇಕು," ಅಂದಳು ಟೆಗನ್. "ಇಂಥವುಗಳಲ್ಲಿ ಅದನ್ನೇ ಕಳಪೆ ಹಾಕೋದು ಅಂತ ಶಿವಾನ್ ಹೇಳ್ತಿದ್ರು. ನಾನೇ ಬಿಚ್ಚಿ ನೋಡ್ತೀನಿ."

"ಮುಟ್ಬೇಡ ಅದನ್ನ! ಶಿವಾನ್ ಹೇಳ್ತಾಳೆ! ಶಿವಾನ್ ಹೇಳ್ತಾಳೆ! ನಾಳೆ ಮಳೆ ಬರತ್ತಾ ಅಂತಾನೂ ಅವಳನ್ನೇ ಕೇಳ್ಕೊಂಡು ಬಾ!"

"ನಾನೇನಂದೆ ಈಗ?"

"ಏನಂದ್ಯೋ ಅದನ್ನೇ ಅಂದೆ!"

ಟೆಗನ್ ಚೀಲ ತುಂಬಿಕೊಂಡಳು. ಅಂಗಡಿಯವರು ರಿಪೇರಿಗೆ ಹಲವು ವಾರ ಹಿಡಿಯುತ್ತದೆ ಎಂದಿದ್ದರು. ಅಲ್ಲಿಯವರೆಗೆ ಅಪ್ಪನ ಮನೆಯಲ್ಲೇ ಇರುತ್ತೇನೆ ಎಂದಳು. ಕೂಗಲಿಲ್ಲ, ಮೆತ್ತಗೆ ಹೇಳಿದಳು. ರೊಶೆಲ್ ಹೆದರಿದ್ದು ಆಗ.

೭

ಇಲ್ಲಿ ನನಗೂ ನನ್ನ ಪಾತ್ರಕ್ಕೂ ದೊಡ್ಡ ಜಗಳ.

"ನಾನು ಶಿವಾನ್‌ಗೆ ಫೋನ್ ಮಾಡಿದ್ದು ಬರೀಬೇಡ. ಅವಳೇ ಬಂದ್ಲು ಅಂತ ಬರಿ."

"ಅವಳ್ಯಾಕೆ ತಾನಾಗಿ ಬರ್ತಾಳೆ?"

"ಮೂಗು ತೂರ್ಸೋಕೆ!"

"ರೊಶೆಲ್, ನೀನು ಫೋನ್ ಮಾಡಿದ್ದೇ ಈ ಕಥೇಲಿ ಇರೋ ಒಂದು ಒಳ್ಳೇ ಕೆಲಸ."

"ಒಳ್ಳೇ ಕೆಲಸ ಅಂತ ಮಾಡ್ಲಿಲ್ಲ. ಬೇರೆ ದಾರಿ ಇರ್ಲಿಲ್ಲ, ಅದಕ್ಕೆ ಮಾಡ್ದೆ. ಬರೆಯೋದಾದ್ರೆ ಹಾಗೇ ಬರಿ."

ಬರೆದಿದ್ದೇನೆ.

೮

ಟೆಗನ್ ಶನಿವಾರ ಕೋಳಿ ಹುರಿಯುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಆ ಹೊತ್ತು ನೋಡಿ ಶಿವಾನ್ ಬಂದಳು. ಕೈಯಲ್ಲಿ ತನ್ನ ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ತಂದ ಪವರ್ ಸಪ್ಲೈ ಇತ್ತು. ಚಪ್ಪಲಿಯನ್ನು ಹೊರಗೇ ಬಿಟ್ಟಳು. ಬಿಡು ಎಂದು ಯಾರೂ ಹೇಳಿರಲಿಲ್ಲ, ಅದೂ ರೊಶೆಲ್‌ಗೆ ಹಿಡಿಸಲಿಲ್ಲ.

ಹಜಾರದ ಕಾರ್ಪೆಟ್ ಮೇಲೆ ಪೆಟ್ಟಿಗೆಯನ್ನು ಮಲಗಿಸಿ ಪಕ್ಕದ ತಗಡು ಬಿಚ್ಚಿದರು. ಶಿವಾನ್ ಬಾಗಿದಳು. ರೊಶೆಲ್ ಟಾರ್ಚು ಹಿಡಿದಳು.

"ಸ್ವಲ್ಪ ಎಡಕ್ಕೆ ಹಿಡೀತೀರಾ?" ಅಂದಳು ಶಿವಾನ್.

"ಹಿಡಿದಿದೀನಲ್ಲ."

"ಅದು ನನ್ನ ಕಿವಿ."

ರೊಶೆಲ್ ಟಾರ್ಚು ಸರಿಸಿದಳು. ವೈರುಗಳು ಒಂದೊಂದಾಗಿ ಹೊರಬಂದವು. ಆಮೇಲೆ ರೊಶೆಲ್ ತಡೆಯಲಾರದೆ ಕೇಳಿಬಿಟ್ಟಳು, "ಅವಳು ನಿಮ್ಮ ಹತ್ರ ಏನು ಮಾತಾಡ್ತಾಳೆ? ಇಷ್ಟಿಷ್ಟು ಹೊತ್ತು ಕೂತಿರ್ತೀರಲ್ಲ."

"ಇದು ಎಲ್ಲಿಗೆ ಹೋಗತ್ತೆ, ಅದು ಎಲ್ಲಿಗೆ ಹೋಗತ್ತೆ. ಅಷ್ಟೇ."

"ಸುಳ್ಳು."

ಶಿವಾನ್ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಪ್ಲೀಸ್ ಅಂತಾಳೆ, ಥ್ಯಾಂಕ್ಯೂ ಅಂತಾಳೆ. ತಿಂದ ತಟ್ಟೆ ತೊಳೆದಿಡ್ತಾಳೆ. ಲಾಡ್ಜಿಗೆ ಬಂದೋರ ಥರ ಇರ್ತಾಳೆ ರೊಶೆಲ್. ನಿಮ್ಮ ಮೇಲೆ ಸಿಟ್ಟು ಬಂದ್ರೆ ನಮ್ಮನೇಲಿ ಕೂತು ನಿಮ್ಮನ್ನ ಒಂದು ಗಂಟೆ ಬೈತಾಳೆ. ನನ್ನ ಮೇಲೆ ಒಂದು ಸಲಾನೂ ರೇಗಿಲ್ಲ. ಎಷ್ಟು ಕಾಡಿದ್ರೂ ಇಲ್ಲ. ಒಂದೇ ಒಂದು ಸಲ ನನ್ನ ಮುಖದ ಮೇಲೆ ಬಾಗಿಲು ಬಡೀಲಿ ಅಂತ ನಂಗೆ ಎಷ್ಟು ಆಸೆ ಇದೆ, ಹೇಳಿದ್ರೆ ನಗ್ತೀರ."

ರೊಶೆಲ್ ನಗಲಿಲ್ಲ. ಎದೆಯೊಳಗೆ ಬಿಸಿ ಚಹಾ ಇಳಿದ ಹಾಗೆ ಖುಷಿಯಾಯಿತಂತೆ. ನೀಚ ಖುಷಿ, ಅವಳದೇ ಮಾತು. "ಗಂಟೆಗಟ್ಲೆ ಬೈತಾಳಾ?" ಎಂದು ಕೇಳಿ ಖಚಿತಪಡಿಸಿಕೊಂಡಳು.

(ಇಲ್ಲಿ ಇಬ್ಬರೂ ತಬ್ಬಿಕೊಂಡರು ಎಂದು ಬರೆಯಬಹುದಿತ್ತು. ಬರೆದೂ ಇದ್ದೆ. "ಥೂ" ಅಂದಳು ರೊಶೆಲ್. ಅಳಿಸಿದೆ.)

೯

ಶಿವಾನ್ ತಂದ ಪವರ್ ಸಪ್ಲೈ ಕೂರಿಸಲು ಇಬ್ಬರೂ ಒಂದೇ ಕಡೆ ಬಾಗಿದ್ದರು. ತಲೆಗೆ ತಲೆ ತಾಗುವಷ್ಟು ಹತ್ತಿರ. ರೊಶೆಲ್ ಕೈ ಚಾಚಿದಳು, ಶಿವಾನ್ ಸ್ಕ್ರೂ ಕೊಟ್ಟಳು. ಆಗ ಬಾಗಿಲಲ್ಲಿ ಕೋಳಿ ಹುರಿದ ಎಣ್ಣೆಯ ವಾಸನೆ ಬಂತು. ಟೆಗನ್ ಕೆಲಸ ಬೇಗ ಬಿಟ್ಟುಬಂದಿದ್ದಳು. ನೆಟ್‌ಬಾಲ್ ಶೂ ಒಯ್ಯಲು.

ಅವಳು ನೋಡಿದಳು. ಬಿಚ್ಚಿದ ಪೆಟ್ಟಿಗೆ, ಹರಡಿದ ವೈರು, ತನ್ನನ್ನು ಬಿಟ್ಟು ಕೂತ ಈ ಇಬ್ಬರು.

"ನನ್ನ ಬಿಟ್ಟು ಬಿಚ್ಚಿದ್ರಾ?"

"ಇಲ್ಲ ಚಿನ್ನ, ನಿಂಗೆ ಸರ್ಪ್ರೈಸ್..." ಅಂದಳು ಅಮ್ಮ.

"ಅದು ನಂದು! ನಾನು ಬಿಚ್ತೀನಿ ಅಂದಾಗ ಮುಟ್ಬೇಡ ಅಂದಿದ್ದು ಯಾರು? ಹೇಳಿಕೊಡ್ತೀನಿ ಅಂದಿದ್ದು ಯಾರು? ಈಗ ಇಬ್ರೂ ಸೇರ್ಕೊಂಡು..." ದಡದಡ ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

ರೊಶೆಲ್ ಪಕ್ಕಕ್ಕೆ ನೋಡಿದಳು. ಶಿವಾನ್‌ಳ ಮುಖ ಅರಳಿತ್ತು.

"ನಂಗಲ್ವಾ ಅದು?" ಪಿಸುಗುಟ್ಟಿದಳು ಶಿವಾನ್.

"ನಿಮಗ್ಯಾಕೆ? ನನ್ನ ಮನೆ, ನನ್ನ ಬಾಗ್ಲು."

"ಹೇಳಿಕೊಡ್ತೀನಿ ಅಂದಿದ್ದು ಯಾರು ಅಂದ್ಲಲ್ಲ. ಅದು ನಾನೇ."

"ಅದಕ್ಕಿಂತ ಮುಂಚೆ ಮುಟ್ಬೇಡ ಅಂದಿದ್ದು ಯಾರು ಅಂದ್ಲು. ಮೊದ್ಲು ಬಂದಿದ್ದು ನಂದು."

೧೦

ಮುಗಿಸುವುದು ಹೇಗೆ? ಟೆಗನ್ ಹಿಂಬಾಗಿಲಿನಿಂದ ಹೊರಟುಹೋದಳು ಎಂದರೆ ನೀವು ಮರುಗುತ್ತೀರಿ. ಕಂಪ್ಯೂಟರ್ ಆನ್ ಆಯಿತು, ಮೂವರೂ ಕೂತು ಆಡಿದರು ಎಂದರೆ ಆಕಳಿಸುತ್ತೀರಿ. ನಡೆದದ್ದು ಇಷ್ಟು: ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಟೆಗನ್ ಮೂಗು ಒರೆಸಿಕೊಂಡು ಬಂದಳು. ಒಬ್ಬಳ ಕೈಯಿಂದ ಟಾರ್ಚು ಕಿತ್ತುಕೊಂಡಳು, ಇನ್ನೊಬ್ಬಳ ಕೈಯಿಂದ ಸ್ಕ್ರೂಡ್ರೈವರ್. ಪೆಟ್ಟಿಗೆಯನ್ನೇ ನೋಡುತ್ತಾ ಒಂದು ಮಾತು ಹೇಳಿದಳು. ಸರಿದು ಜಾಗ ಬಿಡುವಂತೆ ಹೇಳುವ, ಇಂಗ್ಲಿಷಿನ ಒಂದೇ ಒಂದು ಪುಟ್ಟ ಪದ.

ಇಂಗ್ಲಿಷಿಗೆ ಸುಲಭ. ಒಬ್ಬರಿಗೂ ಅದೇ, ಇಬ್ಬರಿಗೂ ಅದೇ, ಮರ್ಯಾದೆಗೂ ಅದೇ, ಸಲಿಗೆಗೂ ಅದೇ. ನನ್ನ ಭಾಷೆಯಲ್ಲಿ ಆ ಅನುಕೂಲವಿಲ್ಲ. ಬೇಕರಿಯಲ್ಲಿ ಇದನ್ನು ರೊಶೆಲ್‌ಗೆ ವಿವರಿಸಿದೆ.

"ನಿಮ್ಮಲ್ಲಿ ಅಮ್ಮಂಗೆ ಹೇಗೆ ಹೇಳ್ತಾರೆ?"

"ನಮ್ಮ ಕಡೆ ಏಕವಚನ. 'ಜರುಗು.'"

"ಮತ್ತೆ ಯೋಚ್ನೆ ಏನು? ಅದನ್ನೇ ಹಾಕು."

ಅಂದು ಮಧ್ಯಾಹ್ನ ಬ್ರೆಡ್ಡಿಗೆ ಬಂದ ಶಿವಾನ್‌ಗೂ ಹೇಳಿದೆ. 'ಜರುಗಿ' ಎಂದರೆ ಇಬ್ಬರಿಗೂ ಆಗುತ್ತದೆ, ಅಥವಾ ಮರ್ಯಾದೆ ಕೊಟ್ಟು ಅವಳೊಬ್ಬಳಿಗೇ ಆಗುತ್ತದೆ ಎಂದೆ. ಅವಳು ಬ್ರೆಡ್ಡಿನ ಚೀಲವನ್ನು ಎದೆಗೊತ್ತಿಕೊಂಡು ನಿಂತಳು.

"ಮರ್ಯಾದೆ ಬೇಡ. ಇನ್ನೊಂದು ನಂಗೆ ಕೊಡಿ."

ಟೆಗನ್‌ಳನ್ನೇ ಕೇಳಿದೆ. "ಯಾರಿಗೆ ಹೇಳ್ದೆ ಅಂತ ನಂಗೇನು ಗೊತ್ತು ಆಂಟಿ? ಅಡ್ಡ ಕೂತಿದ್ರು," ಅಂದಳು.

ಹಾಗಾಗಿ, ಓದುಗರೇ, ಗಕಾರಕ್ಕೆ ಕೊಂಬು ಕೊಡಲೋ ಗುಡಿಸು ಕೊಡಲೋ ತಿಳಿಯದೆ ನಾನು ಇಲ್ಲೇ ನಿಂತಿದ್ದೇನೆ. ರೊಶೆಲ್ ಹೂರಣದ ಸೌಟು ಹಿಡಿದು ಹಿಂದೆಯೇ ನಿಂತಿದ್ದಾಳೆ. ಟೆಗನ್ ಕಾರ್ಪೆಟ್ ಮೇಲೆ ಮಂಡಿಯೂರಿ, ತಲೆ ಎತ್ತದೆ ಹೇಳಿದಳು:

"ಜರುಗ್