ನಲವತ್ತೆಂಟನೇ ಚೀಟಿ

ನಮ್ಮಕ್ಕ ಸೇತುವೆಗೆ ಲೇಪ ಹಚ್ಚಿದ್ದನ್ನು ನೋಡಿ ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆಗಿದ್ದಿಷ್ಟು. ಹೊಳೆ ತುಂಬಿ ಹರಿದಾಗ ತೇಲಿಬಂದ ಮರದ ದಿಮ್ಮಿಯೊಂದು ನಮ್ಮ ಕಾಲುಸೇತುವೆಯ ನಡುಗಂಬಕ್ಕೆ ಗುದ್ದಿ, ಕಂಬ ಬಿರುಕು ಬಿಟ್ಟಿತ್ತು. ನೀರು ಇಳಿದ ಮಾರನೇ ದಿನವೇ ಅಕ್ಕ ಬಟ್ಟಲಲ್ಲಿ ಗಾರೆ ಕಲಸಿಕೊಂಡು, ಎಪ್ಪತ್ತು ದಾಟಿದ ಕಾಲುಗಳಲ್ಲಿ ಹೊಳೆಗೆ ಇಳಿದು, ಬಿರುಕಿನ ಮೇಲೆ ಮೂರು ಕಡೆ ಅಂಗೈಯಗಲ ಮೆತ್ತಿ ಬಂದಳು. "ಬೇರಕ್ಕ ಈಗ ಕಲ್ಲಿಗೂ ಔಷಧಿ ಕೊಡ್ತಾಳೆ" ಅಂತ ಕ್ಷೌರದಂಗಡಿಯವನು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ನಗಿಸಿದ.

"ಔಷಧಿ ಅಲ್ವೇ ಪೆದ್ದಿ," ಅಂದಳು ಅಕ್ಕ ನನಗೆ. "ಬಿರುಕು ಇನ್ನೂ ಬೆಳೀತಿದ್ರೆ ಗಾರೆ ಸೀಳುತ್ತೆ. ಸೀಳದೆ ಇದ್ರೆ ಕಂಬ ಗಟ್ಟಿಯಾಗಿ ನಿಂತಿದೆ ಅಂತ. ನೋವಿದ್ದವರನ್ನ ಯಾವಾಗಿಂದ, ಹೆಚ್ಚಾಗ್ತಿದೆಯಾ ಅಂತ ಕೇಳಲ್ವಾ? ಇದನ್ನೂ ಹಾಗೇ ಕೇಳ್ತಿದ್ದೀನಿ."

ಬೇರಕ್ಕ ಅನ್ನೋದು ಊರಿಟ್ಟ ಹೆಸರು. ಬೇರು, ತೊಗಟೆ, ಸೊಪ್ಪು ಎಲ್ಲ ನಮ್ಮಜ್ಜಿಯಿಂದ ಅವಳಿಗೆ ಬಂದ ವಿದ್ಯೆ. ನನಗೂ ಕಲಿಸೋಕೆ ನೋಡಿದರು ಪಾಪ, ನನ್ನ ತಲೆಗೆ ಹತ್ತಲಿಲ್ಲ. ಆದರೆ ಅವಳು ಮೂವತ್ತೊಂದು ವರ್ಷ ಸೇತುವೆ ಕಟ್ಟೋ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದಳು ಅಂತ ಎಷ್ಟು ಜನಕ್ಕೆ ಗೊತ್ತು? ನನಗೆ ಗೊತ್ತು, ಅವಳ ಕನ್ನಡಕಕ್ಕೆ ಗೊತ್ತು. ಉಳಿದವರೆಲ್ಲ ಆಫೀಸಲ್ಲಿ ಟೈಪ್ ಮಾಡ್ತಿದ್ದಳು ಅಂದುಕೊಂಡಿದ್ದರು. ಅವಳು ತಿದ್ದುತ್ತಲೂ ಇರಲಿಲ್ಲ. ಬೇಡ, ಆ ಮಾತು ಎತ್ತಿದರೆ ನನ್ನ ಮೈ ಉರಿಯುತ್ತೆ.

ಎರಡು ತಿಂಗಳಾದ ಮೇಲೆ ಇಲಾಖೆಯಿಂದ ಹೊಸ ಎಂಜಿನಿಯರ್ ಬಂದ. ಸೇತುವೆಯ ಎರಡೂ ಕಡೆ ಹಗ್ಗ ಕಟ್ಟಿಸಿದ. ತಿಂಗಳ ಕೊನೆಗೆ ಕೆಡವುತ್ತೇವೆ ಅಂದ. ಹೊಸದು ಯಾವಾಗಪ್ಪಾ ಅಂದರೆ ಮೇಲೆ ನೋಡಿದ. ಆಚೆ ದಡದ ಮಕ್ಕಳು ಶಾಲೆಗೆ ಒಂಬತ್ತು ಕಿಲೋಮೀಟರ್ ಸುತ್ತಬೇಕು. ಅಕ್ಕನ ಹತ್ತಿರ ಬರೋ ಮುದುಕ ಮುದುಕಿಯರಂತೂ ಬರೋದೇ ನಿಂತುಹೋಗುತ್ತೆ.

"ಆ ಕಂಬ ಬಂಡೆ ಮೇಲೆ ಕೂತಿದೆ, ಹದಿನಾಲ್ಕು ಅಡಿ ಕೆಳಗೆ," ಅಂದಳು ಅಕ್ಕ. "ನನ್ನ ಗಾರೆ ಒಂದೂ ಸೀಳಿಲ್ಲ, ಹೋಗಿ ನೋಡಿ. ಬಿರುಕು ತುಂಬಿಸಿ, ಮೇಲೊಂದು ಕವಚ ಕಟ್ಟಿದ್ರೆ ಸಾಕು."

ಅವನು ಒಳ್ಳೆಯವನೇ. ಹೊಸ ಬೂಟು ಹಿಮ್ಮಡಿ ತಿಂದಿದ್ದಕ್ಕೆ ಅಕ್ಕ ಲೋಳೆಸರ ಕಟ್ಟಿ ಕೂರಿಸಿದ್ದಳು, ಅದಕ್ಕೇ ಎದ್ದು ಓಡಲಿಲ್ಲ. "ಅಮ್ಮಾ, ನೀವು ಹೇಳಿದ್ರಿ ಅಂತ ನಾನು ಬರೆಯೋಕಾಗುತ್ತಾ? ಆಫೀಸಿನ ನಕ್ಷೆ ಗೆದ್ದಲು ತಿಂದಿದೆ. ಮೂಲ ನಕ್ಷೆ ಬೇಕು, ವಿನ್ಯಾಸ ಮಾಡಿದವರ ಸಹಿ ಸಮೇತ. ಅದು ಸಿಕ್ರೆ ಕೆಡವೋ ಆದೇಶ ನಾನೇ ನಿಲ್ಲಿಸ್ತೀನಿ."

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೂಲ ನಕ್ಷೆ ಎಲ್ಲಿತ್ತು ಅಂತೀರಾ? ಊರಲ್ಲೇ ಇತ್ತು. ನಲವತ್ತೆಂಟು ಮನೆಯಲ್ಲಿ.

ಹತ್ತೊಂಬತ್ತು ವರ್ಷದ ಹಿಂದೆ ಸೇತುವೆ ಉದ್ಘಾಟನೆಯಾದ ದಿನ ಅಕ್ಕನನ್ನು ವೇದಿಕೆಗೆ ಕರೆಯಲಿಲ್ಲ. ಕಲ್ಲಿನ ಮೇಲೆ "ವಿನ್ಯಾಸ" ಅಂತ ಕೆತ್ತಿ, ಅದರ ಮುಂದೆ ಅವಳ ಮೇಲಧಿಕಾರಿ ದೊಡ್ಡ ಸಾಹೇಬರ ಹೆಸರು ಹಾಕಿಸಿದ್ದರು. ಗೆರೆ ಗೆರೆಯೂ ಅಕ್ಕನದು! ಅವಳು ಹಿಂದಿನ ಸಾಲಲ್ಲಿ ಕೂತು, ಬಿಸಿಲಿಗೆ ತಲೆಸುತ್ತಿ ಬಿದ್ದ ಹೆಂಗಸಿನ ಅಂಗಾಲು ಉಜ್ಜುತ್ತಿದ್ದಳು. ಮನೆಗೆ ಬಂದವಳೇ, ಚಪ್ಪಲಿಯನ್ನೂ ಬಿಚ್ಚದೆ, ಆಫೀಸಿಗೆ ನಕಲು ಕೊಟ್ಟು ತಾನೇ ಇಟ್ಟುಕೊಂಡಿದ್ದ, ಕೈಯಾರೆ ಬರೆದ ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಅಳತೆ ಹಾಕಿ ಗೆರೆ ಎಳೆದಳು, ಒಂದರಿಂದ ನಲವತ್ತೆಂಟರವರೆಗೆ ನಂಬರ್ ಬರೆದಳು, ಕತ್ತರಿ ತಗೊಂಡು ಕತ್ತರಿಸಿದಳು. ಕೋಪದಲ್ಲೂ ಸ್ಕೇಲು ಕೈಬಿಡದ ಜೀವ ಅದು. "ದಪ್ಪ ಕಾಗದ, ತೇವ ಹಿಡಿಯಲ್ಲ, ಪುಡಿ ಕಟ್ಟೋಕೆ ಚೆನ್ನಾಗಿರುತ್ತೆ" ಅಂದಳು. ಅಷ್ಟೇ.

ಅವತ್ತಿಂದ ಪುಡಿ, ಎಣ್ಣೆ ಸೀಸೆ ಎಲ್ಲ ಆ ತುಂಡುಗಳಲ್ಲೇ ಸುತ್ತಿ ಹೋಯಿತು. ಹಿಂಭಾಗದಲ್ಲಿ ಎಷ್ಟು, ಯಾವ ಹೊತ್ತಿಗೆ ಅಂತ ಬರೆದುಕೊಡುತ್ತಿದ್ದಳು. ಮತ್ತೆ ಬೇಕಾದರೆ ಚೀಟಿ ತರಬೇಕು, ಚೀಟಿ ಇಲ್ಲದಿದ್ದರೆ ಔಷಧಿ ಇಲ್ಲ. ಅದೊಂದರಲ್ಲಿ ಅವಳು ಮಹಾ ಕಟುಕಿ. ಹಾಗಾಗಿ ಜನ ಜೋಪಾನ ಮಾಡಿದ್ದರು. ಯಾವ ನಂಬರು, ಯಾರಿಗೆ, ಯಾವ ನೋವಿಗೆ ಅಂತ ಕೊಟ್ಟ ಕ್ರಮದಲ್ಲೇ ಅಕ್ಕನ ಪುಸ್ತಕದಲ್ಲಿ ಇತ್ತು.

ಅಕ್ಕ ಪುಸ್ತಕ ನೋಡಿ ಹೇಳುತ್ತಾ ಹೋದಳು, ನಾನು ಮನೆ ಮನೆ ತಿರುಗಿದೆ. ಆಚೆ ದಡಕ್ಕೆ ಬಸ್ಸಲ್ಲಿ ಸುತ್ತಿ ಹೋದೆ. ದರ್ಜಿಯದು ಹೊಲಿಗೆ ಮೆಷಿನ್ನಿನ ಡ್ರಾಯರಲ್ಲಿತ್ತು. ಅಂಚೆಯವನು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದ. ಹೆಚ್ಚು ನಕ್ಕಿದ್ದ ಕ್ಷೌರದಂಗಡಿಯವನು ಕನ್ನಡಿ ಹಿಂದಿನಿಂದ ತೆಗೆದುಕೊಟ್ಟು, "ಇದು ಸೇತುವೆನಾ? ನಾನು ಏನೋ ಮಂತ್ರದ ಚಕ್ರ ಅಂದ್ಕೊಂಡಿದ್ದೆ" ಅಂದ. ಬ್ರೆಡ್ಡಿನಂಗಡಿಯ ಅಜ್ಜಿಯಂತೂ ಕೊಡೋಕೆ ಒಪ್ಪಲೇ ಇಲ್ಲ. "ಇದು ಕೊಟ್ಟುಬಿಟ್ರೆ ನನ್ನ ಕೆಮ್ಮಿಗೆ ಯಾರೇ ಗತಿ?" ಹಿಂದಿನ ಬರಹವನ್ನೆಲ್ಲ ಬೇರೆ ಹಾಳೆಗೆ ನಕಲು ಮಾಡಿ, ಕೆಳಗೆ ನಾನು ಸಹಿ ಹಾಕಿದ ಮೇಲೆ ಕೈಬಿಟ್ಟಳು. ಮೂರು ತುಂಡು ಕಳೆದೇ ಹೋಗಿದ್ದವು. ಅದರಲ್ಲಿ ಒಂದನ್ನು ಮೇಕೆ ತಿಂದಿತ್ತು.

ನೆಲದ ಮೇಲೆ ಜೋಡಿಸುತ್ತಾ ಹೋದಂತೆ ಎಣ್ಣೆಕಲೆ, ಅರಿಶಿನದ ಕಲೆಗಳ ನಡುವೆ ಸೇತುವೆ ಎದ್ದು ನಿಂತಿತು. ಎಷ್ಟು ಚೆಂದ ಬರೆದಿದ್ದಳು ನಮ್ಮಕ್ಕ! ನಲವತ್ತೇಳು ಮುಗಿದ ಮೇಲೆ ಅಕ್ಕ ಪುಸ್ತಕ ಮುಚ್ಚಿಬಿಟ್ಟಳು. "ಕೊನೇದು ಸಿಗಲ್ಲ ಬಿಡು."

ಕೊನೇದು ಕೆಳಗಿನ ಮೂಲೆ. ಸಹಿ ಇರೋದೇ ಅಲ್ಲಿ. ನಾನು ಪುಸ್ತಕ ಕಿತ್ತುಕೊಂಡೆ. ನಲವತ್ತೆಂಟು, ಮಂಡಿನೋವು, ದೊಡ್ಡ ಸಾಹೇಬರು.

"ಅವರಿಗೆ ಔಷಧಿ ಕೊಟ್ಟಿದ್ಯಾ ನೀನು?"

"ಮಂಡಿನೋವು ಅಂತ ಬಂದ್ರು, ಕೊಟ್ಟೆ. ಒಂದೇ ಸಲ. ಮತ್ತೆ ಬರ್ಲಿಲ್ಲ."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ಮಾರನೇ ಬೆಳಿಗ್ಗೆ ಆಚೆ ದಡದ ಅವರ ಮನೆ ಗೇಟು ಬಡಿದೆ. ಸೊಸೆ ಬಂದು, "ಮಾವ ಮಲಗಿದ್ದಾರೆ" ಅಂದಳು. "ಮಲಗಿರಲಿ ತಾಯಿ, ನನ್ನ ಗಂಟಲು ಕಿಟಕಿ ದಾಟುತ್ತೆ" ಅಂತ ಅಲ್ಲೇ ನಿಂತು ಎಲ್ಲಾ ಹೇಳಿದೆ. ನಾಳೆ ಕೊನೇ ದಿನ, ಆ ಚೀಟಿ ಇಲ್ಲದಿದ್ದರೆ ಸೇತುವೆ ಹೋಯಿತು ಅಂತ. ಮೇಲಿನ ಪರದೆ ಅಲ್ಲಾಡಿತು. ಯಾರೂ ಇಳಿದು ಬರಲಿಲ್ಲ.

ಅಕ್ಕನಿಗೆ ಹೇಳಿದರೆ ಬೈದಳು. "ಕೇಳಿ ಇಸ್ಕೊಳ್ಳೋ ವಸ್ತು ಅಲ್ಲ ಕಣೇ ಅದು."

ಕೊನೇ ದಿನ ಹನ್ನೊಂದು ಗಂಟೆಗೆ ಹೊಸ ಎಂಜಿನಿಯರ್ ನಮ್ಮ ಮನೆ ನೆಲದ ಮೇಲೆ ಕೂತು ನಕ್ಷೆ ನೋಡುತ್ತಿದ್ದ. "ಬಂಡೆ ಇದೆ," ಅಂದ. "ಹದಿನಾಲ್ಕು ಅಡಿಗೇ ಇದೆ. ಕಳೆದುಹೋದ ಮೂರು ತುಂಡಿಂದ ತೊಂದರೆ ಇಲ್ಲ. ಆದ್ರೆ ಅಮ್ಮಾ..." ಖಾಲಿ ಮೂಲೆಯ ಮೇಲೆ ಬೆರಳಿಟ್ಟ. ಅವನ ಚೀಲದಲ್ಲಿ ಕೆಡವೋ ಆದೇಶ ಇತ್ತು. ನನಗೆ ಅಳು ಬರೋ ಹಾಗಿತ್ತು. ಅಕ್ಕ ಕಿಟಕಿಯಿಂದ ಹೊಳೆ ಕಡೆ ನೋಡುತ್ತಾ ನಿಂತಿದ್ದಳು.

"ಸೇತುವೆ ಮೇಲೆ ಯಾರೋ ಬರ್ತಿದ್ದಾರೆ," ಅಂದಳು.

ದೊಡ್ಡ ಸಾಹೇಬರು! ಹಗ್ಗದಡಿ ಬಗ್ಗಲಾರದೆ ಬಗ್ಗಿ, ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ ಬರುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಈ ಮನುಷ್ಯನಿಗೆ ಅಂತ ಬೈಗುಳ ಕೂಡಿಟ್ಟಿದ್ದೆ ನಾನು. ಬಾಗಿಲಿಗೆ ಬಂದಾಗ ಬೆವರಿಳಿಯುತ್ತಿದ್ದ ಆ ಮುಖ ನೋಡಿ ಒಂದೂ ನೆನಪಾಗಲಿಲ್ಲ. ಹೋಗಿ ನೀರು ತಂದುಕೊಟ್ಟೆ.

ಅವರು ಒಂದೇ ಗುಟುಕಿಗೆ ನೀರು ಕುಡಿದರು. ಕನ್ನಡಕದ ಡಬ್ಬಿ ತೆರೆದು, ಮಡಿಸಿದ ಕಾಗದ ತೆಗೆದರು. ಬೇಡ ಬೇಡ ಅಂದರೂ ಕೇಳದೆ, ನೋವಿನ ಮಂಡಿ ಊರಿ ಕೂತು, ಮೂಲೆಯಲ್ಲಿ ತಾವೇ ಇಟ್ಟರು. ಗೆರೆಗೆ ಗೆರೆ ಕೂಡಿಕೊಂಡಿತು. ಅದರಲ್ಲಿ ಎರಡು ಸಹಿ ಇತ್ತು. ವಿನ್ಯಾಸ ಅನ್ನೋ ಕಡೆ ನಮ್ಮಕ್ಕನದು. ಅದರ ಕೆಳಗೆ, ಒಪ್ಪಿಗೆ ಅನ್ನೋ ಕಡೆ, ಅವರದು.

"ಕಲ್ಲಲ್ಲಿ ಕೆತ್ತಿರೋದು ಸುಳ್ಳು," ಅಂದರು ಹೊಸ ಎಂಜಿನಿಯರಿಗೆ. "ಇದು ನಿಜ. ಹಾಗಂತ ಬರ್ಕೊಳ್ಳಿ, ನಾನು ಸಹಿ ಹಾಕ್ತೀನಿ."

ಅವನು ಬರೆದ. ಅವರು ಸಹಿ ಹಾಕಿದರು. ಕೆಡವೋ ಆದೇಶ ಚೀಲದಿಂದ ಹೊರಗೇ ಬರಲಿಲ್ಲ.

ಅಕ್ಕ ಹತ್ತಿರ ಬಂದು ಕೂತಳು. "ಮಂಡಿ ಹೇಗಿದೆ ಸಾರ್?"

"ಎಣ್ಣೆ ಚೆನ್ನಾಗಿತ್ತಮ್ಮ," ಅಂದರು ಅವರು, ತಲೆ ಎತ್ತದೆ. "ಹದಿನೈದು ದಿನ ನೋವೇ ಇರಲಿಲ್ಲ. ಮತ್ತೆ ಬರಬೇಕಾದ್ರೆ ಇದನ್ನ ತರಬೇಕಾಗಿತ್ತಲ್ಲ... ಮುಖ ಇರಲಿಲ್ಲ."

"ಈಗ ತಂದಿದ್ದೀರಲ್ಲ," ಅಂದಳು ಅಕ್ಕ, ಒಳಗೆ ಹೋಗಿ ಸೀಸೆ ತಂದಳು.

ಕಂಬಕ್ಕೆ ಕವಚ ಕಟ್ಟಿ ಮುಗಿಸಿ ಹಗ್ಗ ಬಿಚ್ಚಿದ್ದಾರೆ. ಕಲ್ಲನ್ನೂ ಬದಲಾಯಿಸಿ ಅಕ್ಕನ ನಿಜವಾದ ಹೆಸರು ಕೆತ್ತಿದ್ದಾರೆ. ಹೆಸರು ಓದಿ ಕ್ಷೌರದಂಗಡಿಯವನು ಬಂದು, "ಇದು ಯಾರು ಹೊಸಬರು?" ಅಂತ ನನ್ನನ್ನೇ ಕೇಳಿದ. ಅವನ ಚಳಿ ಬಿಡಿಸಿ ಕಳಿಸಿದೆ. ನನಗಂತೂ ಹೊಟ್ಟೆ ತಣ್ಣಗಾಗಿದೆ.

ನಿನ್ನೆ ಪುಸ್ತಕವನ್ನು ಕಪಾಟಿಗೆ ಇಡುವಾಗ ಸುಮ್ಮನೆ ತೆರೆದು ನೋಡಿದೆ. ಅವತ್ತು ಕೋಪದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಇಪ್ಪತ್ತೊಂಬತ್ತು ದರ್ಜಿ, ಮೂವತ್ತು ಅಂಚೆಯವನು, ಮೂವತ್ತೊಂದು ಬ್ರೆಡ್ಡಿನಂಗಡಿಯ ಅಜ್ಜಿ. ಆಮೇಲೆ ನಲವತ್ತೆಂಟು. ಅದಾದ ಮೇಲೆ ಮತ್ತೆ ಮೂವತ್ತೆರಡು, ಮೂವತ್ತಮೂರು.

ಅಕ್ಕ ಅಂಗಳದಲ್ಲಿ ಬೇರು ಜಜ್ಜುತ್ತಿದ್ದಳು. ಪುಸ್ತಕ ಅವಳ ಮುಂದೆ ಹಿಡಿದೆ. "ಮೂವತ್ತೊಂದಾದ ಮೇಲೆ ನಲವತ್ತೆಂಟು ಬರುತ್ತಾ ಅಕ್ಕ?"

ಅವಳು ಕನ್ನಡಕದ ಮೇಲಿಂದ ಪುಟ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಜಜ್ಜೋಕೆ ಶುರು ಮಾಡಿದಳು.

"ಕೆಲವು ಕಾಯಿಲೆಗೆ ಹಾಗೇ ಕೊಡಬೇಕಾಗುತ್ತೆ ಕಣೇ," ಅಂದಳು. "ಗುಣ ಕಾಣೋದು ಸ್ವಲ್ಪ ನಿಧಾನ, ಅಷ್ಟೆ."