ಕಣ್ಣಿನ ಪಾಲು

ನಾನು ಒಂದು ದುರ್ಬೀನು. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಹಿತ್ತಾಳೆಯ ಎರಡು ಕೊಳವೆ, ಒಳಗೆ ಗಾಜು, ಹೊರಗೆ ಕರಿಯ ತೊಗಲು, ನಡುವೆ ತಿರುಗಿಸುವುದಕ್ಕೆ ಒಂದು ಚಕ್ರ. ಬಲಗಣ್ಣಿನ ಕೊಳವೆಗೆ ಮಾತ್ರ ಬೇರೆ ಒಂದು ಬಳೆ ಇದೆ. ನೋಡುವವರ ಎರಡು ಕಣ್ಣು ಒಂದೇ ಸಮ ಇಲ್ಲದಿದ್ದರೆ ಆ ಬಳೆಯನ್ನು ತಿರುಗಿಸಿ ಸರಿಮಾಡಿಕೊಳ್ಳಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನೀವು ಹೇಳುತ್ತೀರಿ. ನನ್ನ ಕಣ್ಣಿಗೆ ಯಾವ ಬೆಟ್ಟವೂ ನುಣ್ಣಗೆ ಕಂಡಿಲ್ಲ. ಕಲ್ಲು, ಮುಳ್ಳು, ಕೊರಕಲು ಎಲ್ಲವನ್ನೂ ಇದ್ದ ಹಾಗೆಯೇ ತೋರಿಸಿದ್ದೇನೆ.

ಹಡಗು ಹತ್ತಿಸಿ ನನ್ನನ್ನು ಕೊಡಗಿಗೆ ತಂದವನು ಹೋಲ್ಡನ್ ಎಂಬ ಕಾಫಿ ತೋಟದ ದೊರೆ. ಅವನಿಗೆ ಇಲ್ಲಿಯ ಕಡವೆಯ ಹುಚ್ಚು. ಅದನ್ನು ಅವನು ಎಲ್ಕ್ ಎಂದು ಕರೆಯುತ್ತಿದ್ದ. ಕಡವೆ ಎಂದರೆ ಕಂದು ಬಣ್ಣದ, ಎಮ್ಮೆಯ ಗಾತ್ರದ ಜಿಂಕೆ. ಗಂಡಿಗೆ ಕವಲೊಡೆದ ದೊಡ್ಡ ಕೊಂಬು ಇರುತ್ತದೆ. ಆ ಕೊಂಬುಗಳನ್ನು ಗೋಡೆ ತುಂಬಾ ತೂಗುಹಾಕುವುದು ದೊರೆಯ ಚಟ. ನಾನು ಅವನ ಎದೆಯ ಮೇಲೆ ನೇತಾಡುತ್ತಾ, ಕೆಳಗಿನಿಂದ ಅವನ ಕೆಂಪು ಗಲ್ಲವನ್ನು ನೋಡುತ್ತಾ ಎಷ್ಟೋ ಬೆಟ್ಟ ಹತ್ತಿದೆ. ದೇಶ ಬಿಡುವ ಕಾಲ ಬಂದಾಗ ಕೊಂಬುಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಹಡಗಿಗೆ ಕಳಿಸಿದ. ಅವುಗಳನ್ನು ಹುಡುಕಿಕೊಟ್ಟ ನನ್ನನ್ನು, ಬೆಟ್ಟದಲ್ಲಿ ಜೊತೆಗೆ ಅಲೆಯುತ್ತಿದ್ದ ಮೊಣ್ಣಪ್ಪನ ಕೈಗೆ ಕೊಟ್ಟು ಹೋದ. ನನಗೇನೂ ಬೇಸರವಾಗಲಿಲ್ಲ. ಹೋಲ್ಡನ್ ದೊರೆ ಉಸಿರು ಬಿಟ್ಟಾಗಲೆಲ್ಲ ನನ್ನ ಗಾಜಿಗೆ ಮಬ್ಬು ಹಿಡಿಯುತ್ತಿತ್ತು.

ಮೊಣ್ಣಪ್ಪನ ಮನೆ ಕರಡಿಮೊಟ್ಟೆ ಎಂಬ ಬೆಟ್ಟದ ಎದುರಿಗೇ ಇತ್ತು. ಅಂಗಳದಲ್ಲಿ ನಿಂತರೆ ಬೆಟ್ಟದ ಹುಲ್ಲುಗಾವಲು, ನಡುವಿನ ದೊಡ್ಡ ಬಂಡೆ, ಬಂಡೆಯ ಕೆಳಗಿನ ತಗ್ಗಿನ ಕಾಡು ಎಲ್ಲವೂ ಕಾಣುತ್ತಿದ್ದವು. ಮನೆಯಲ್ಲಿ ಅವನು ಮತ್ತು ಹೆಂಡತಿ ಬೊಳ್ಳವ್ವ. ಅವಳು ಮಾತಿಗಿಂತ ಕೆಲಸ ಹೆಚ್ಚು ಮಾಡುವ ಹೆಂಗಸು. ಗೋಡೆಯಲ್ಲಿ ಅಜ್ಜನ ಕಾಲದ ಎರಡು ಕೋವಿಗಳು. ಅವುಗಳ ಪಕ್ಕದ ಮೊಳೆಯೇ ನನ್ನ ಜಾಗ.

ಈ ಕೋವಿಗಳ ವಿಷಯದಲ್ಲಿ ನನಗೆ ಒಂದು ಹೊಟ್ಟೆಕಿಚ್ಚು ಇತ್ತು, ಮುಚ್ಚಿಡುವುದೇಕೆ. ಮಳೆಗಾಲ ಇಳಿಯುವ ಹೊತ್ತಿಗೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಎಂಬ ಹಬ್ಬ ಬರುತ್ತದೆ. ಅಂದು ಆಯುಧಗಳನ್ನು ಒರೆಸಿ, ಎಣ್ಣೆ ಹಚ್ಚಿ, ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಕೋವಿಗಳಿಗೆ ತೋಕ್ ಪೂವು ಎಂಬ ಕೆಂಪು ಹಳದಿಯ ಕಾಡುಹೂವು ಸಿಕ್ಕಿಸುತ್ತಾರೆ. ಕತ್ತಿಗೂ ಗಂಧ ಸಿಗುತ್ತದೆ. ನಾನು ಮೊಳೆಯಲ್ಲೇ ಇರುತ್ತಿದ್ದೆ, ಆಯುಧ ಅಲ್ಲವಲ್ಲ. ಬೆಟ್ಟವಿಡೀ ಹುಡುಕುವವನು ನಾನು, ಒಂದು ಸಲ ಕೂಗಿ ಹೆಸರು ತೆಗೆದುಕೊಳ್ಳುವುದು ಅವು. ಉಂಡವನಿಗೆ ಊಟ, ಅಟ್ಟವನಿಗೆ ಹೊಗೆ ಎಂದುಕೊಂಡು ಸುಮ್ಮನಿದ್ದೆ.

ಹಬ್ಬ ಕಳೆದ ಮೇಲೆ ಬೇಟೆ ಶುರು. ಹುಲ್ಲು ಒಣಗಿ, ಬೆಳಿಗ್ಗೆ ಇಬ್ಬನಿ ದಪ್ಪವಾಗುವ ಚಳಿಗಾಲದಲ್ಲಿ ಅದಕ್ಕೆ ಬಿರುಸು ಬರುತ್ತಿತ್ತು. ಕಡವೆಯನ್ನು ಹೊಡೆಯುವುದಕ್ಕಿಂತ ಕಂಡುಹಿಡಿಯುವುದೇ ಕಷ್ಟ. ಬೆಳಕು ಹರಿಯುವಾಗ ಅದು ಬಯಲಿನ ಹುಲ್ಲಿನಲ್ಲಿ ಮೇಯುತ್ತದೆ. ಬಿಸಿಲು ತಾಗಿದರೆ ಮೆಲ್ಲನೆ ತಗ್ಗಿನ ಕಾಡಿಗೆ ಇಳಿದು, ಗಾಳಿಗೆ ಮುಖ ಕೊಟ್ಟು ಮಲಗುತ್ತದೆ. ಇಡೀ ಕಡವೆಯನ್ನು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಹುಲ್ಲಿನ ನಡುವೆ ಅಲುಗುವ ಒಂದು ಕಿವಿ, ಮರದ ಕಾಂಡಗಳ ನಡುವೆ ಅಡ್ಡವಾಗಿರುವ ಒಂದು ಬೆನ್ನಿನ ಗೆರೆ, ಅಷ್ಟನ್ನು ಹುಡುಕಬೇಕು. ಮೊಣ್ಣಪ್ಪ ನನ್ನನ್ನು ಕಣ್ಣಿಗಿಟ್ಟುಕೊಂಡರೆ ಬೆಟ್ಟವನ್ನು ಎಡದಿಂದ ಬಲಕ್ಕೆ ಸಾಲುಸಾಲಾಗಿ ಓದುತ್ತಿದ್ದ. ಅವನ ಕೈ ಅಲುಗುತ್ತಿರಲಿಲ್ಲ. ಅವನಷ್ಟು ಒಳ್ಳೆಯ ಯಜಮಾನ ನನಗೆ ಸಿಕ್ಕಿಲ್ಲ.

ಆ ಊರಿನ ಬೇಟೆಗೆ ಒಂದು ಕಟ್ಟುಪಾಡು ಇತ್ತು. ಹೆಣ್ಣು ಕಡವೆಗೆ, ಮರಿಗೆ ಕೋವಿ ಎತ್ತಬಾರದು. ದುರ್ಬೀನು ಹಿಡಿದವನು 'ಕೊಂಬು ಕಂಡಿತು' ಎಂದು ಹೇಳಿದ ಮೇಲೆಯೇ ಕೋವಿಯವನು ಗುಂಡು ಹಾರಿಸಬೇಕು. ಅವನು ಹೇಳದಿದ್ದರೆ ಇಲ್ಲ. ಬೇಟೆಯ ಮಾಂಸ ಹಂಚುವಾಗ ಹೊಡೆದವನಿಗೆ ತಲೆ, ಬಾಲ ಮೊದಲು ಮುಟ್ಟಿದವನಿಗೆ ಒಂದು ಪಾಲು, ನಾಯಿಗೂ ಒಂದು ಪಾಲು. ಕಂಡವನಿಗೆ ಸಿಗುವುದು ಕಣ್ಣಿನ ಪಾಲು, ಬೆನ್ನಿನ ಒಳ್ಳೆಯ ಮಾಂಸ. ಅದನ್ನು ಬಾಳೆಲೆಯಲ್ಲಿ ಕಟ್ಟಿ ಎಲ್ಲರ ಎದುರು ಹೆಸರು ಕರೆದು ಕೊಡುತ್ತಿದ್ದರು. ಮೊಣ್ಣಪ್ಪನ ಹೆಸರು ಕರೆಯುವುದು ಅಷ್ಟು ರೂಢಿಯಾಗಿ, 'ಕಣ್ಣು' ಎಂದರೆ ಊರಿಗೆ ಅವನೇ ಎಂದಾಯಿತು.

ಅವನ ಕಣ್ಣು ಹೋಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಬಹಳ ವರ್ಷ ಬಲಗಡೆಯ ಬಳೆ ಒಂದೇ ಗೆರೆಯಲ್ಲಿ ನಿಂತಿತ್ತು. ಒಂದು ಚಳಿಗಾಲ ಅವನು ಅದನ್ನು ಕೂದಲೆಳೆಯಷ್ಟು ತಿರುಗಿಸಿದ. ಮರುವರ್ಷ ಇನ್ನಷ್ಟು. ಆಮೇಲೆ ಬಳೆ ಕೊನೆಗೆ ಹೋಗಿ ತಾಗಿ ನಿಂತಿತು. ಅವನು ಇನ್ನೂ ತಿರುಗಿಸಲು ನೋಡುತ್ತಿದ್ದ. ಅಂಗಿಯ ಚುಂಗಿನಿಂದ ನನ್ನ ಗಾಜನ್ನು ಒರೆಸುತ್ತಿದ್ದ, ಕೊಳೆ ನನ್ನದೇ ಎಂಬಂತೆ. ನನ್ನ ಗಾಜು ಸ್ವಚ್ಛವಾಗಿಯೇ ಇತ್ತು.

ಎರಡನೆಯದಾಗಿ ತಿಳಿದದ್ದು ಬೊಳ್ಳವ್ವನಿಗೆ. ಒಂದು ಬೆಳಿಗ್ಗೆ ಗಂಡ ಹಟ್ಟಿಗೆ ಹೋದ ಹೊತ್ತಿನಲ್ಲಿ ಅವಳು ನನ್ನನ್ನು ಮೊಳೆಯಿಂದ ತೆಗೆದು ಅಂಗಳಕ್ಕೆ ತಂದಳು. ಬಳೆಯನ್ನು ತನ್ನ ಕಣ್ಣಿಗೆ ಹೊಂದಿಸಿಕೊಂಡು ಕರಡಿಮೊಟ್ಟೆಯನ್ನು ಬಹಳ ಹೊತ್ತು ನೋಡಿದಳು. ಇಡುವಾಗ ಬಳೆಯನ್ನು ಮತ್ತೆ ಅವನು ನಿಲ್ಲಿಸಿದ್ದ ಕೊನೆಗೆ ತಿರುಗಿಸಿಯೇ ಇಟ್ಟಳು. ಗಂಡನಿಗೆ ರೊಟ್ಟಿ ಬಡಿಸುತ್ತಾ, ಎಮ್ಮೆಯ ವಿಷಯ ಹೇಳುವ ದನಿಯಲ್ಲೇ ಹೇಳಿದಳು:

"ಬೆಟ್ಟದ ಎಡಗಡೆ ಹುಲ್ಲಲ್ಲಿ ಒಂದು ಗಂಡು ಉಂಟು. ಬಿಸಿಲು ಬಂದ್ರೆ ಬಂಡೆ ಕೆಳಗೆ ಇಳೀತದೆ."

ಮೊಣ್ಣಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಹೇಗೆ ಗೊತ್ತು ಎಂದು ಕೇಳಲಿಲ್ಲ. ಅಂದು ಬೆಟ್ಟದಲ್ಲಿ ನನ್ನನ್ನು ಎತ್ತಿ, ಬಂಡೆಯ ಕೆಳಗಿನ ಕಾಡಿನ ಕಡೆಗೆ ಹಿಡಿದು, ಸ್ವಲ್ಪ ಹೊತ್ತು ಕಾದು "ಕೊಂಬು ಕಂಡಿತು" ಎಂದ. ಕೊಂಬು ಅಲ್ಲಿ ಇದ್ದದ್ದು ನಿಜ. ಅವನಿಗೆ ಕಾಣದೆ ಇದ್ದದ್ದೂ ನಿಜ. ಕಣ್ಣಿನ ಪಾಲು ಮನೆಗೆ ಬಂತು, ಬೊಳ್ಳವ್ವ ಅದನ್ನು ಕಾಚಂಪುಳಿಯ ಕರಿಯ ಹುಳಿ ಹಾಕಿ ಬೇಯಿಸಿದಳು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡದೆ ಉಂಡರು. ಹೀಗೆ ಕೆಲವು ಚಳಿಗಾಲಗಳು ನಡೆದವು. ಅವಳು ಅಂಗಳದಲ್ಲಿ ಕಾಣುತ್ತಿದ್ದಳು, ಅವನು ಬೆಟ್ಟದಲ್ಲಿ ಹೇಳುತ್ತಿದ್ದ. ಯಾರಿಗೂ ಸಂಶಯ ಬರಲಿಲ್ಲ. ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಕಡವೆಗೆ ಕಾಲಿದೆ, ಬೆಳಿಗ್ಗೆ ಇದ್ದದ್ದು ಮಧ್ಯಾಹ್ನವೂ ಅಲ್ಲೇ ಇರಬೇಕೆಂದಿಲ್ಲ.

ಆ ದಿನ ಪುತ್ತರಿ ಹಬ್ಬದ ಹಿಂದಿನ ವಾರ. ಆಕಾಶ ತಿಳಿಯಾಗಿತ್ತು. ಬೊಳ್ಳವ್ವ ಬೆಳಿಗ್ಗೆ ಹೇಳಿ ಕಳಿಸಿದ್ದಳು: "ದೊಡ್ಡ ಕೊಂಬಿಂದು, ಬಂಡೆ ಕೆಳಗಿನ ಕಾಡಿಗೆ ಹೋಗಿ ಮಲಗಿತು." ಬೆಟ್ಟದ ಈಚೆಯ ಏಣಿನಲ್ಲಿ ಮೊಣ್ಣಪ್ಪ ಮತ್ತು ಕುಟ್ಟಪ್ಪ ಕೂತರು. ಕುಟ್ಟಪ್ಪ ಸೈನ್ಯದಿಂದ ಬಂದವನು, ಅವನ ಕೈಯಲ್ಲಿ ರೈಫಲ್. ಅವನ ತಮ್ಮ ಬಿದ್ದಪ್ಪ ಬೆಟ್ಟದ ಮೇಲಿನ ಕಣಿವೆದಾರಿಗೆ ಹೋಗಿ, ಕಡವೆ ಆ ದಾರಿಯಲ್ಲಿ ತಪ್ಪಿಸಿಕೊಳ್ಳದಂತೆ ಅಲ್ಲೇ ನಿಲ್ಲಬೇಕು ಎಂದು ಮಾತಾಗಿತ್ತು.

ಕೂತು ಸ್ವಲ್ಪ ಹೊತ್ತಿನಲ್ಲಿ ಗಾಳಿ ತಿರುಗಿ, ಮನುಷ್ಯರ ವಾಸನೆ ಕಡವೆಯ ಕಡೆಗೆ ಹೋಗತೊಡಗಿತು. ಕುಟ್ಟಪ್ಪ ಒಂದು ಚಿಟಿಕೆ ಬೂದಿ ಹಾರಿಸಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡ. ಅಷ್ಟರಲ್ಲಿ ಬಂಡೆಯ ಕೆಳಗೆ, ಬೊಳ್ಳವ್ವ ಹೇಳಿದ ಜಾಗದಲ್ಲೇ, ಕಾಡಿನ ಅಂಚಿನಿಂದ ಕಂದು ಬಣ್ಣದ್ದೊಂದು ಮೆಲ್ಲನೆ ಹೊರಗೆ ಬಂತು. ಬೆನ್ನು ಬಾಗಿತ್ತು. ಮೇಲೆ ಕವಲು ಕವಲಾಗಿ ಏನೋ ಎದ್ದಿತ್ತು.

ಕುಟ್ಟಪ್ಪ ರೈಫಲ್ ಭುಜಕ್ಕೆ ಏರಿಸಿದ. "ಅಣ್ಣ, ಕೊಂಬು ಉಂಟಲ್ಲ?"

ನಾನು ಎಲ್ಲವನ್ನೂ ತೋರಿಸಿದೆ. ಕಂದು ಕಂಬಳಿ, ಅದರ ಅಂಚಿನ ಕೆಂಪು ಎಳೆ, ಖಾಕಿ ಕೋಟಿನ ಒಂದು ಗುಂಡಿ. ಗಾಳಿ ತಿರುಗಿತೆಂದು ಬಿದ್ದಪ್ಪ ಜಾಗ ಬದಲಿಸಲು ಕಣಿವೆದಾರಿ ಬಿಟ್ಟು ಕೆಳಗೆ ಇಳಿದಿದ್ದ. ಕಡವೆಗೆ ಮನುಷ್ಯನ ಆಕಾರ ಕಾಣದಿರಲಿ ಎಂದು ಬೇಟೆಯವರು ಮುರಿದ ಕೊಂಬೆಯನ್ನು ತಲೆಯ ಮೇಲೆ ಹಿಡಿದು ಬಗ್ಗಿ ನಡೆಯುವುದುಂಟು. ಅವನೂ ಹಾಗೆಯೇ ಒಣಕೊಂಬೆ ಹಿಡಿದು ಬರುತ್ತಿದ್ದ. ಇವೆಲ್ಲವೂ ನನ್ನ ಗಾಜಿನಲ್ಲಿ ಅಂಗೈಯ ಗೆರೆಯಷ್ಟು ಸ್ಪಷ್ಟ. ಆದರೆ ನನ್ನ ಹಿಂದೆ ಇದ್ದ ಕಣ್ಣಿಗೆ ಕಂಡದ್ದು ಕಂದು ಬಣ್ಣದ ಒಂದು ಮಸುಕು ಮಾತ್ರ.

ಮೊಣ್ಣಪ್ಪನ ಬೆರಳು ಬಳೆಯನ್ನು ತಿರುಗಿಸಿತು. ಅದು ಎಂದೋ ಕೊನೆ ತಲುಪಿತ್ತು. ಹೇಳುವುದಕ್ಕೆ ಎಲ್ಲವೂ ಸರಿಯಾಗಿತ್ತು. ಜಾಗ ಸರಿ, ಬಣ್ಣ ಸರಿ, ಬೊಳ್ಳವ್ವ ಎಂದೂ ತಪ್ಪಿದವಳಲ್ಲ. ಎರಡು ಮಾತು ಆಡಿದರೆ ಅವನು ಊರಿನ ಕಣ್ಣಾಗಿಯೇ ಉಳಿಯುತ್ತಿದ್ದ. ನಾನು ಹೆದರಿದೆ. ನನಗೆ ಬಾಯಿ ಇಲ್ಲ ಎಂದು ಮರುಗಿದ್ದು ಆ ಒಂದು ಸಲ.

"ಅಣ್ಣ, ಹೇಳು. ತಿರುಗ್ತಾ ಉಂಟು."

ಮೊಣ್ಣಪ್ಪ ನನ್ನನ್ನು ಕಣ್ಣಿನಿಂದ ಇಳಿಸಿದ. "ಕೋವಿ ಕೆಳಗೆ ಇಡು, ಕುಟ್ಟಪ್ಪ. ನಂಗೆ ಕಾಣುದಿಲ್ಲ."

"ಎಂತ, ಮಂಜಾ?"

"ಮಂಜಲ್ಲ. ಕಣ್ಣು. ಮೂರು ನಾಲ್ಕು ವರ್ಷ ಆಯ್ತು, ಕಾಣುದಿಲ್ಲ."

ಕುಟ್ಟಪ್ಪನಿಗೆ ಸಿಟ್ಟು ಬಂತು. ಆದರೆ ಕಟ್ಟುಪಾಡು ಕಟ್ಟುಪಾಡೇ, ರೈಫಲ್ ಇಳಿಸಿದ. ಎದುರಿನ ಕಂದು ಬೆನ್ನು ಬಂಡೆಯ ಪಕ್ಕಕ್ಕೆ ಬಂತು. ಕೊಂಬುಗಳನ್ನು ಕೆಳಗೆ ಎಸೆಯಿತು, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು ಸೊಂಟ ನೀವಿಕೊಂಡಿತು, ಬೀಡಿ ಹಚ್ಚಿತು.

ಹೊಗೆ ಏಳುವುದನ್ನು ಕುಟ್ಟಪ್ಪ ಬರಿಗಣ್ಣಿನಲ್ಲೇ ಕಂಡ. ರೈಫಲನ್ನು ಹುಲ್ಲಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ ಕೂತ.

ಆಮೇಲೆ ಕುಟ್ಟಪ್ಪ ಕೇಳಿದ: "ಹಂಗಾದ್ರೆ ಇಷ್ಟು ವರ್ಷ ಕಂಡದ್ದು ಯಾರು?"

"ಬೊಳ್ಳವ್ವ," ಎಂದ ಮೊಣ್ಣಪ್ಪ.

ಆ ಸಂಜೆ ಬರಿಗೈಯಲ್ಲಿ ಬಂದರು. ಇನ್ನು ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದುಕೊಂಡು ಮೊಣ್ಣಪ್ಪ ನನ್ನನ್ನು ಮೊಳೆಗೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದ. ಆದದ್ದು ಬೇರೆ. ಪುತ್ತರಿ ಕಳೆದ ಮೇಲೆ ಬೇಟೆಯವರು ಬೆಟ್ಟಕ್ಕೆ ಹೋಗುವ ಮೊದಲು ನೇರವಾಗಿ ಅಂಗಳಕ್ಕೆ ಬಂದು ನಿಂತರು. ಕುಟ್ಟಪ್ಪ ಒಳಗೆ ಇಣುಕಿ, "ಅತ್ತಿಗೆ, ಎಲ್ಲಿ ಉಂಟು?" ಎಂದು ಕೇಳಿದ. ಬೊಳ್ಳವ್ವ ಕೈ ಒರೆಸಿಕೊಂಡು ಹೊರಗೆ ಬಂದು ಹೇಳಿದಳು. ಅಂದು ಬಾಳೆಲೆಯ ಕಟ್ಟು ಹಿಡಿದು ಕರೆದದ್ದು ಅವಳ ಹೆಸರನ್ನು. ಆ ಮಾಂಸವನ್ನು ಅವಳೇ ಬೇಯಿಸಿದಳು, ಅದೇನೂ ಬದಲಾಗಲಿಲ್ಲ.

ಮುಂದಿನ ಕೈಲ್‌ಪೊಳ್ದಿಗೆ ಬಿದ್ದಪ್ಪ ಕೈಯಲ್ಲಿ ಒಂದು ತೋಕ್ ಪೂವು ಹಿಡಿದು ಬಂದ. ಕೋವಿಗಳನ್ನು ದಾಟಿ ಬಂದು ಅದನ್ನು ನನ್ನ ಪಟ್ಟಿಗೆ ಸಿಕ್ಕಿಸಿದ.

"ಅದು ಆಯುಧ ಅಲ್ಲ ಮಾರಾಯ," ಎಂದ ಮೊಣ್ಣಪ್ಪ.

"ಗೊತ್ತುಂಟು. ಅದಕ್ಕೇ ತಂದದ್ದು."

ಹೂವು ಬಂದದ್ದಕ್ಕೆ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಿದ್ದಪ್ಪನನ್ನು ಉಳಿಸಿದ್ದು ನಾನಲ್ಲ. ನಾನು ಎಂದಿನಂತೆ ತೋರಿಸಿದ್ದೆ, ಅದರಿಂದ ಏನೂ ಆಗುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಒಬ್ಬ ಬಾಯಿಬಿಟ್ಟು ಹೇಳಿದ, ಅದರಿಂದ ಬಿದ್ದಪ್ಪ ಉಳಿದ. ಆ ಹೂವು ನ್ಯಾಯವಾಗಿ ಮೊಣ್ಣಪ್ಪನದು.

ಆಮೇಲೆ ಬೇಟೆ ಕೂಡದು ಎಂದು ಸರಕಾರದ ಕಾನೂನು ಬಂತು. ಕೋವಿಗಳು ಈಗ ಹಬ್ಬಕ್ಕೆ ಮಾತ್ರ ಕೆಳಗೆ ಇಳಿಯುತ್ತವೆ. ನನಗೂ ವಯಸ್ಸಾಯಿತು. ಬಲಗಡೆಯ ಗಾಜಿಗೆ ಒಳಗಿನಿಂದ ಬೂಷ್ಟು ಹಿಡಿದಿದೆ, ಬಳೆ ಕಿಲುಬಿಗೆ ಕಚ್ಚಿಕೊಂಡಿದೆ. ಮೊಣ್ಣಪ್ಪನಿಗೆ ಹಗಲು ಇರುಳು ಎಂಬಷ್ಟು ಮಾತ್ರ ತಿಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಇಬ್ಬರೂ ಕಾಫಿ ಹಿಡಿದು ಅಂಗಳದ ಕಟ್ಟೆಯಲ್ಲಿ ಕೂರುತ್ತಾರೆ. ಬೊಳ್ಳವ್ವ ನನ್ನನ್ನು ಎತ್ತಿ ಎಡಗಣ್ಣಿಗೆ ಹಿಡಿಯುತ್ತಾಳೆ.

"ಬಂತಾ?" ಎನ್ನುತ್ತಾನೆ ಅವನು.

"ಬಂತು."

"ಕೊಂಬು?"

"ಉಂಟು. ದೊಡ್ಡದು."

ಒಂದು ಕಾಲಕ್ಕೆ ಆ ಮಾತಿನ ಹಿಂದೆಯೇ ಗುಂಡು ಹೋಗುತ್ತಿತ್ತು. ಈಗ ಅವನು ತಲೆಯಾಡಿಸಿ ಕಾಫಿ ಗುಟುಕರಿಸುತ್ತಾನೆ.

ಇವತ್ತು ಬೆಳಿಗ್ಗೆಯೂ ಅವನು ಕೇಳಿದ. ಬೊಳ್ಳವ್ವ ನನ್ನನ್ನು ಬಹಳ ಹೊತ್ತು ಹಿಡಿದಿದ್ದಳು. ಸೆರಗಿನಿಂದ ನನ್ನ ಗಾಜನ್ನು ಒರೆಸಿ ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು, "ನಂಗೂ ಕಾಣುದಿಲ್ಲ," ಎಂದಳು.

ಮೊಣ್ಣಪ್ಪ ಕೈ ಚಾಚಿ, ತಡವಿ, ಅವಳ ಕೈ ಹಿಡಿದುಕೊಂಡ. "ಇರಲಿ. ಅದು ಬದುಕಿಕೊಳ್ಳಲಿ," ಎಂದ.

ಅವಳು ಕೆಳಗೆ ಇಳಿಸುವ ಮೊದಲು ನನ್ನ ಎಡಗಡೆಯ ಗಾಜಿನಲ್ಲಿ ಕರಡಿಮೊಟ್ಟೆ ಇನ್ನೂ ಚೆನ್ನಾಗಿಯೇ ಇತ್ತು. ಬಂಡೆಯ ಪಕ್ಕದ ಹುಲ್ಲಿನಲ್ಲಿ, ಕೊಂಬು ಎತ್ತಿಕೊಂಡು, ಕಡವೆ ನಿಂತಿತ್ತು.